ಬೆಂಗಳೂರು–ಮಂಗಳೂರು: ವಿಮಾನವೋ, ಬಸ್ಸೋ, ರೈಲೋ, ಸ್ವಂತ ಕಾರೋ?

ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ? ಭೂಪಟದ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಸುಮಾರು 300 ಕಿ.ಮೀ. ಶಿರಾಡಿ ಘಾಟಿಯ ರಸ್ತೆ ಹಿಡಿದರೆ 350ರ ಆಸುಪಾಸು. ಮೈಸೂರು, ಮಡಿಕೇರಿ ಮೇಲೆ ಹೋದರೆ 390ರ ಹತ್ತಿರ. ಸಮಯ ಕೇಳಿದರೆ ಇನ್ನೂ ಗೊಂದಲ. ವಿಮಾನದ ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ. ಬಸ್ಸಿನವರು ಏಳು ಗಂಟೆ ಅನ್ನುತ್ತಾರೆ. ರೈಲಿಗೆ ಒಂಬತ್ತರಿಂದ ಹನ್ನೊಂದು. ಆದರೂ ತಮ್ಮ ಬೆಳಗ್ಗೆ ವಿಮಾನ ಹತ್ತಿ ಊರು ಸೇರುವಾಗ ಮಧ್ಯಾಹ್ನದ ಊಟದ ಹೊತ್ತಾಗಿರುತ್ತದೆ. ಹಿಂದಿನ ರಾತ್ರಿ ಬಸ್ಸು ಹತ್ತಿದ ಅಕ್ಕ ತಿಂಡಿ ಮುಗಿಸಿ, ಒಂದು ನಿದ್ದೆಯನ್ನೂ ತೆಗೆದಿರುತ್ತಾಳೆ.

ಹಾಗಾಗಿ "ಯಾವುದು ಬೇಗ?" ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಬೇರೆಯೇ ಪ್ರಶ್ನೆಗಳನ್ನು. ಬೆಂಗಳೂರಿನಲ್ಲಿ ಮನೆ ಎಲ್ಲಿ? ಮಂಗಳೂರು ಅಂದರೆ ನಿಜಕ್ಕೂ ಮಂಗಳೂರೋ, ಅಥವಾ ಪುತ್ತೂರೋ, ಉಡುಪಿಯೋ? ಎಷ್ಟು ಜನ? ಜೊತೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದಾರಾ? ಮಳೆಗಾಲವೋ, ಬೇಸಿಗೆಯೋ? ಕೊನೆಯದಾಗಿ, ಹೋಗುವ ಹೊತ್ತು ನಿಮ್ಮ ಕೆಲಸದ ಹೊತ್ತೋ, ನಿದ್ದೆಯ ಹೊತ್ತೋ? ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಹೇಗೂ ಮಲಗುವ ಎಂಟು ಗಂಟೆಯಲ್ಲಿ ಬಸ್ಸು ಓಡಿದರೆ ನಿಮ್ಮ ದಿನದಿಂದ ಹೋಗುವುದು ಏನೂ ಇಲ್ಲ. ನಿದ್ದೆ ಬಂದರೆ, ಅಷ್ಟೇ.

ವಿಮಾನ: ಒಂದು ಗಂಟೆಯ ಹಿಂದೆ ಮುಂದೆ

ಬೆಳಗ್ಗೆ 9ರ ವಿಮಾನ ಅಂತ ಇಟ್ಟುಕೊಳ್ಳಿ. ಮನೆ ಜಯನಗರ. ದೇವನಹಳ್ಳಿಗೆ ಒಂದೂವರೆ ಗಂಟೆ ಬೇಕು. ಭದ್ರತಾ ತಪಾಸಣೆಯ ಸಾಲು, ಬ್ಯಾಗ್ ಕೊಡುವ ಸಾಲು ಎಲ್ಲ ಸೇರಿ ಒಂದೂವರೆ ಗಂಟೆ ಮೊದಲೇ ಅಲ್ಲಿರಬೇಕು. ಅಂದರೆ ಮನೆ ಬಿಡುವುದು 6ಕ್ಕೆ. ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಯಲ್ಲಿ ಇಳಿಯುವಾಗ 10 ಗಂಟೆ 10 ನಿಮಿಷ. ಬ್ಯಾಗ್ ಬಂದು ಹೊರಗೆ ಕಾಲಿಡುವಾಗ ಹತ್ತೂವರೆ. ಅಲ್ಲಿಂದ ಕಾವೂರು ದಾಟಿ ಹಂಪನಕಟ್ಟೆಗೆ ಬರುವಾಗ ಹನ್ನೊಂದೂಕಾಲು. ಒಟ್ಟು ಐದೂಕಾಲು ಗಂಟೆ. ಇದರಲ್ಲಿ ನೀವು ಗಾಳಿಯಲ್ಲಿರುವುದು ಮುಕ್ಕಾಲು ಗಂಟೆ. ಮೇಲೆ ಹೋಗಿ, ಒಂದು ಲೋಟ ನೀರು ಕುಡಿಯುವುದರೊಳಗೆ ಇಳಿಯಲು ಬೆಲ್ಟ್ ಹಾಕಿ ಅನ್ನುತ್ತಾರೆ.

ಇದೇ ಲೆಕ್ಕ ಯಲಹಂಕದವರಿಗೆ ನಾಲ್ಕೂಕಾಲು ಗಂಟೆಗೆ ಇಳಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಆರಕ್ಕೆ ಏರುತ್ತದೆ. ಎಲೆಕ್ಟ್ರಾನಿಕ್ ಸಿಟಿಯಿಂದ ನೈಸ್ ರಸ್ತೆ ಹಿಡಿದು ನೇರ ತುಮಕೂರು ರಸ್ತೆಗೆ ಬಿದ್ದರೆ ಕಾರಿನಲ್ಲಿ ಏಳೂವರೆ, ಎಂಟು ಗಂಟೆ. ಅಂದರೆ ವಿಮಾನದಿಂದ ಉಳಿದದ್ದು ಹೆಚ್ಚೆಂದರೆ ಎರಡು ಗಂಟೆ. ಯಲಹಂಕದವರಿಗೆ ಮೂರರ ಮೇಲೆ. ಒಂದೇ ಊರು, ಒಂದೇ ವಿಮಾನ, ಆದರೆ ಲಾಭ ಬೇರೆ ಬೇರೆ.

ಇಳಿದ ಮೇಲಿನ ದಾರಿಯೂ ಅಷ್ಟೇ ಮುಖ್ಯ. ಉಡುಪಿಗೆ ಹೋಗುವವರಿಗೆ ವಿಮಾನ ಒಳ್ಳೆಯ ಆಯ್ಕೆ. ರಸ್ತೆಯಲ್ಲಿ ಬಂದರೆ ಮಂಗಳೂರಿನ ಮೇಲೆ ಇನ್ನೂ ಒಂದೂವರೆ ಗಂಟೆ ಸೇರುತ್ತದೆ. ಬಜ್ಪೆಯಿಂದಲೂ ಸುಮಾರು ಅಷ್ಟೇ ಹೊತ್ತು ಬೇಕಾದರೂ ಒಟ್ಟಿನಲ್ಲಿ ಎರಡು, ಮೂರು ಗಂಟೆ ಉಳಿಯುತ್ತದೆ. ಪುತ್ತೂರು, ಉಪ್ಪಿನಂಗಡಿ ಕಡೆಯವರ ಕಥೆ ಉಲ್ಟಾ. ರಸ್ತೆಯಲ್ಲಿ ಬಂದರೆ ಉಪ್ಪಿನಂಗಡಿ ಮಂಗಳೂರಿಗಿಂತ ಐವತ್ತು ಕಿ.ಮೀ. ಮೊದಲೇ ಸಿಗುತ್ತದೆ. ವಿಮಾನದಲ್ಲಿ ಬಂದರೆ ಅದರ ಮೇಲೆಯೇ ಹಾರಿ ಬಜ್ಪೆಗೆ ಹೋಗಿ, ಅಷ್ಟೇ ದಾರಿ ಹಿಂದಕ್ಕೆ ಬರಬೇಕು. ದುಡ್ಡು ಜಾಸ್ತಿ, ಸಮಯ ಹೆಚ್ಚುಕಡಿಮೆ ಅಷ್ಟೇ. ಸುಮ್ನೆ ಯಾಕೆ ಅಲ್ವಾ?

ದರದ ವಿಷಯ ಹೇಳುವುದಾದರೆ, ಬೇಗ ತೆಗೆದಿಟ್ಟರೆ ಮೂರು, ಮೂರೂವರೆ ಸಾವಿರಕ್ಕೆ ಸಿಗುವುದುಂಟು. ದೀಪಾವಳಿಗೋ, ಉದ್ದನೆಯ ವಾರಾಂತ್ಯಕ್ಕೋ ಹಿಂದಿನ ದಿನ ನೋಡಿದರೆ ಅದು ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು. ಇದರ ಮೇಲೆ ಎರಡೂ ಕಡೆಯ ಟ್ಯಾಕ್ಸಿ ಸೇರಿಸಿ. ಟ್ಯಾಕ್ಸಿ ಬೇಡ ಅಂದರೆ ಬಿಎಂಟಿಸಿಯ ವಾಯು ವಜ್ರ ಇದೆ. ಆಗ ಇನ್ನರ್ಧ ಗಂಟೆ ಮೊದಲೇ ಹೊರಡಿ.

ಇನ್ನೊಂದು ಸಣ್ಣ ವಿಷಯ. ಕರಾವಳಿಯಿಂದ ಬರಿಗೈಯಲ್ಲಿ ಯಾರೂ ವಾಪಸ್ ಬರುವುದಿಲ್ಲ. ಅಮ್ಮ ಕಟ್ಟಿಕೊಡುವ ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳ, ಉಪ್ಪಿನಕಾಯಿ ಡಬ್ಬ, ಹತ್ತು ತೆಂಗಿನಕಾಯಿ ಎಲ್ಲ ಸೇರಿದರೆ ವಿಮಾನದ 15 ಕೆ.ಜಿ. ಎಲ್ಲಿಗೂ ಸಾಲದು. ಎಣ್ಣೆ, ಉಪ್ಪಿನಕಾಯಿ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಬೇಗ ಬೆಂಕಿ ಹಿಡಿಯುತ್ತದೆ ಅಂತ ಕೊಬ್ಬರಿಯನ್ನೂ ತಡೆಯುತ್ತಾರೆ. ಹೋಗುವಾಗ ವಿಮಾನ, ಬರುವಾಗ ಬಸ್ಸು ಅನ್ನುವವರು ಸುಮಾರು ಜನ ಇರುವುದು ಇದಕ್ಕೇ.

ರಾತ್ರಿ ಬಸ್ಸು

ನನ್ನ ಮಟ್ಟಿಗೆ ಒಬ್ಬಂಟಿಯಾಗಿ, ಎರಡು ದಿನದ ಮಟ್ಟಿಗೆ ಹೋಗುವವರಿಗೆ ಇದೇ ಮೊದಲ ಆಯ್ಕೆ. ರಾತ್ರಿ ಹತ್ತೂವರೆ, ಹನ್ನೊಂದಕ್ಕೆ ಹತ್ತಿದರೆ ಬೆಳಗ್ಗೆ ಆರು, ಏಳಕ್ಕೆ ಮಂಗಳೂರು. ಎರಡು ಕಡೆಯೂ ಊರೊಳಗೇ ಹತ್ತಿ ಇಳಿಯಬಹುದು. ಪುತ್ತೂರು, ಧರ್ಮಸ್ಥಳ, ಸುಬ್ರಹ್ಮಣ್ಯ, ಕುಂದಾಪುರಕ್ಕೆಲ್ಲ ನೇರ ಬಸ್ಸುಗಳಿವೆ.

ಕೆಎಸ್‌ಆರ್‌ಟಿಸಿಯಲ್ಲೇ ಬೇಕಾದಷ್ಟು ಬಗೆ. ಕೆಂಪು ಬಸ್ಸು, ಅಂದರೆ ಕರ್ನಾಟಕ ಸಾರಿಗೆ, ಎಲ್ಲಕ್ಕಿಂತ ಅಗ್ಗ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಇದರಲ್ಲಿ ಪುಕ್ಕಟೆ. ರಾಜಹಂಸಕ್ಕೆ, ಎಸಿ ಬಸ್ಸುಗಳಿಗೆ, ಸ್ಲೀಪರುಗಳಿಗೆ ಆ ಸೌಲಭ್ಯ ಇಲ್ಲ. ಆದರೆ ರಾತ್ರಿಯಿಡೀ ಕೆಂಪು ಬಸ್ಸಿನ ಸೀಟಿನಲ್ಲಿ ಕೂತರೆ ಬೆಳಗ್ಗೆ ಕುತ್ತಿಗೆ, ಮಂಡಿ ಎರಡೂ ಜವಾಬು ಕೊಡುತ್ತವೆ. ಹಗಲು ಹೋಗುವುದಾದರೆ ಇದಕ್ಕಿಂತ ಒಳ್ಳೆಯದಿಲ್ಲ. ಮಲಗಿಕೊಂಡೇ ಹೋಗಬೇಕು, ಎಸಿ ಬೇಡ ಅನ್ನುವವರಿಗೆ ಪಲ್ಲಕ್ಕಿ. ಎಸಿ ಸ್ಲೀಪರ್ ಬೇಕಾದರೆ ಅಂಬಾರಿ ಉತ್ಸವ. ಕೂತು ನಿದ್ದೆ ಮಾಡಬಲ್ಲವರಿಗೆ ಐರಾವತ. ಎಸಿ ಬಸ್ಸು ಅಂದರೆ ಸಾವಿರದ ಆಚೆಗೆ ಹೋಗುತ್ತದೆ ಅಂತ ಅಂದಾಜು ಇಟ್ಟುಕೊಳ್ಳಿ. ಖಾಸಗಿಯವರ ದರ ವಾರದ ಮಧ್ಯೆ ಕಡಿಮೆ ಇದ್ದು, ಶುಕ್ರವಾರ ಸಂಜೆ ಏರಿಬಿಡುತ್ತದೆ.

ಸ್ಲೀಪರಿನಲ್ಲಿ ಸೀಟು ಆರಿಸುವಾಗ ಒಂದು ಮಾತು ನೆನಪಿಡಿ. ಹಾಸನದವರೆಗೆ ರಸ್ತೆ ನೇರ, ಎಲ್ಲಿ ಮಲಗಿದರೂ ನಡೆಯುತ್ತದೆ. ಸಕಲೇಶಪುರ ದಾಟಿ ಘಟ್ಟ ಇಳಿಯುವುದು ಬೆಳಗಿನ ಜಾವ ಮೂರರ ಸುಮಾರಿಗೆ. ಆಗ ಮೇಲಿನ ಬರ್ತಿನಲ್ಲಿರುವವರು ಪ್ರತಿ ತಿರುವಿಗೂ ಕಂಬಿ ಹಿಡಿದುಕೊಂಡಿರುತ್ತಾರೆ. ಹಿಂದಿನ ಚಕ್ರದ ಮೇಲಿನ ಬರ್ತ್ ಆದರೆ ಗುಂಡಿಯನ್ನೂ ಲೆಕ್ಕ ಹಾಕಬಹುದು. ಮಧ್ಯದ ಸಾಲಿನ ಕೆಳಗಿನ ಬರ್ತ್ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ವಾಂತಿಯ ತೊಂದರೆ ಇರುವವರು ಸ್ಲೀಪರ್ ಬಿಟ್ಟು ಮುಂದಿನ ಸೀಟು ಹಿಡಿಯುವುದೇ ಮೇಲು.

ಬಸ್ಸಿನ ದೊಡ್ಡ ಕೊರತೆ ಶೌಚಾಲಯ. ದಾರಿಯಲ್ಲಿ ಹೆಚ್ಚಾಗಿ ಒಂದು ಸಲ ಮಾತ್ರ ನಿಲ್ಲಿಸುತ್ತಾರೆ. ಸಕ್ಕರೆ ಕಾಯಿಲೆಯವರು, ಪದೇ ಪದೇ ಎದ್ದು ಹೋಗಬೇಕಾದ ಹಿರಿಯರು ಡ್ರೈವರನ್ನು ಕೇಳಲು ಸಂಕೋಚಪಟ್ಟು ನೀರೇ ಕುಡಿಯದೆ ಕೂರುತ್ತಾರೆ. ಅಂಥವರನ್ನು ಬಸ್ಸಿಗೆ ಹತ್ತಿಸಬೇಡಿ.

ರೈಲು

ಅಪ್ಪ ಅಮ್ಮನಿಗೆ ರೈಲೇ ಸರಿ. ಕೆಳಗಿನ ಬರ್ತ್, ಪಕ್ಕದಲ್ಲೇ ಶೌಚಾಲಯ, ಬೇಕಾದಾಗ ಎದ್ದು ಓಡಾಡಬಹುದು. ಸ್ಲೀಪರ್ ದರ್ಜೆಗೆ ಮುನ್ನೂರು ರೂಪಾಯಿಯ ಆಸುಪಾಸು. ಈ ದರಕ್ಕೆ ಮಲಗಿಕೊಂಡು ಹೋಗುವ ಬೇರೆ ದಾರಿ ಇಲ್ಲ. ತೊಂದರೆ ಒಂದೇ, ಟಿಕೆಟ್. 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಹಬ್ಬಕ್ಕೆ ಹೋಗುವುದು ಖಚಿತವಿದ್ದರೆ ಎರಡು ತಿಂಗಳ ಹಿಂದಿನ ಆ ದಿನ ಬೆಳಗ್ಗೆಯೇ ಕೂತುಬಿಡಿ. ವೇಟಿಂಗ್ ಲಿಸ್ಟ್ ನಂಬಿಕೊಂಡು ಮದುವೆಗೆ ಹೊರಡುವುದು ಧೈರ್ಯದ ಕೆಲಸ.

ಟಿಕೆಟ್ ತೆಗೆಯುವ ಮೊದಲು ರೈಲು ಯಾವ ದಾರಿ ಅಂತ ನೋಡಿ. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುವ ಹಳಿ 2017ರಲ್ಲಿ ಪೂರ್ತಿಯಾದ ಮೇಲೆ ದಾರಿ ಹತ್ತಿರವಾಗಿದೆ. ಮೈಸೂರು ಸುತ್ತಿ ಬರುವ ರೈಲುಗಳೂ ಇವೆ. ಅವಕ್ಕೆ ಗಂಟೆಗಟ್ಟಲೆ ಜಾಸ್ತಿ ಬೇಕು. ಇಳಿಯುವ ನಿಲ್ದಾಣವನ್ನೂ ಗಮನಿಸಿ. ಮಂಗಳೂರು ಸೆಂಟ್ರಲ್ ಊರ ಮಧ್ಯೆ ಇದೆ. ಮಂಗಳೂರು ಜಂಕ್ಷನ್ ಇರುವುದು ಕಂಕನಾಡಿಯ ಆಚೆ, ಅಲ್ಲಿಂದ ಆಟೋ ಬೇಕು. ಕಾರವಾರದ ಕಡೆ ಹೋಗುವ ಪಂಚಗಂಗಾ ಸೆಂಟ್ರಲ್‌ಗೆ ಬರುವುದೇ ಇಲ್ಲ, ಆದರೆ ಉಡುಪಿ, ಕುಂದಾಪುರದವರಿಗೆ ಅದರಷ್ಟು ಅನುಕೂಲ ಬೇರೊಂದಿಲ್ಲ.

ಹಗಲಿನ ರೈಲಿನ ಮಾತೇ ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ನಲ್ಲಿ 57 ಸುರಂಗಗಳಿವೆ, ನೂರಕ್ಕೂ ಹೆಚ್ಚು ಸೇತುವೆಗಳಿವೆ. ಇಳಿಜಾರು ಎಷ್ಟೆಂದರೆ 50 ಮೀಟರ್ ಮುಂದೆ ಹೋಗುವಷ್ಟರಲ್ಲಿ 1 ಮೀಟರ್ ಕೆಳಗೆ. ಅದಕ್ಕೇ ರೈಲು ಅಲ್ಲಿ ಸೈಕಲ್ಲಿಗಿಂತ ಸ್ವಲ್ಪ ಜೋರು ಅನ್ನುವ ಹಾಗೆ ಇಳಿಯುತ್ತದೆ. ಮೀಟರ್ ಗೇಜ್ ಇದ್ದ ಈ ಹಳಿಯನ್ನು 1996ರಲ್ಲಿ ಮುಚ್ಚಿ, ಬ್ರಾಡ್‌ಗೇಜ್ ಮಾಡಿ ಪ್ರಯಾಣಿಕರ ರೈಲು ಮತ್ತೆ ಓಡಿಸಿದ್ದು 2007ರ ಡಿಸೆಂಬರಿನಲ್ಲಿ. 2021ರ ಜುಲೈಯಿಂದ ಹಗಲಿನ ರೈಲುಗಳಿಗೆ ವಿಸ್ಟಾಡೋಮ್ ಬೋಗಿ ಸೇರಿದೆ. ಗಾಜಿನ ಮಾಡು, ತಿರುಗುವ ಸೀಟು. ಮಕ್ಕಳಿದ್ದರೆ ಒಂದು ಸಲ ಅದರಲ್ಲಿ ಕರೆದುಕೊಂಡು ಹೋಗಿ. ಒಂದು ಸುರಂಗ ಮುಗಿದು ಹಸಿರು ಕಂಡಿತು ಅನ್ನುವಷ್ಟರಲ್ಲಿ ಮತ್ತೊಂದು ಸುರಂಗ ಬರುತ್ತದೆ, ಪ್ರತಿ ಕತ್ತಲೆಗೂ ಬೋಗಿಯ ಮಕ್ಕಳೆಲ್ಲ ಒಟ್ಟಿಗೆ ಕಿರುಚುತ್ತಾರೆ. ಆದರೆ ಇಡೀ ಹಗಲು ಹೋಯಿತು ಅಂತ ಒಪ್ಪಿಕೊಂಡೇ ಹತ್ತಬೇಕು. ಹಗಲಿನ ರೈಲು ಓಡುತ್ತದೆಯೋ ಇಲ್ಲವೋ ಅಂತ ನೋಡಿಕೊಳ್ಳಿ. 2025ರಲ್ಲಿ ಘಟ್ಟದ ಹಳಿಗೆ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕೆ ಇವನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು.

ಸ್ವಂತ ಕಾರು, ಮತ್ತು ಯಾವ ಘಾಟಿ

ಮೇಲಿನ ಮೂರರಲ್ಲೂ ತಲೆಗಿಷ್ಟು ಅಂತ ಖರ್ಚು. ಕಾರಿನಲ್ಲಿ ಗಾಡಿಗಿಷ್ಟು. ಲೀಟರಿಗೆ 15 ಕಿ.ಮೀ. ಕೊಡುವ ಕಾರಾದರೆ 350 ಕಿ.ಮೀ.ಗೆ 23, 24 ಲೀಟರ್ ಪೆಟ್ರೋಲು. ನೆಲಮಂಗಲದಿಂದ ಹಾಸನದವರೆಗಿನ ಟೋಲುಗಳು, ಬಿ.ಸಿ. ರೋಡ್ ಹತ್ತಿರ ಬ್ರಹ್ಮರಕೂಟ್ಲಿನದು ಎಲ್ಲ ಸೇರಿಸಿ ಒಂದು ಕಡೆಗೆ ಮೂರು ಸಾವಿರ ಅಂತ ಇಟ್ಟುಕೊಳ್ಳಿ. ಒಬ್ಬರೇ ಹೋದರೆ ದುಬಾರಿ. ನಾಲ್ವರಾದರೆ ತಲೆಗೆ 750. ಅದೇ ನಾಲ್ವರು ವಿಮಾನದಲ್ಲಿ ಹೋದರೆ ಹನ್ನೆರಡು ಸಾವಿರದ ಮೇಲೆ. ಜೊತೆಗೆ ಊರಿನಲ್ಲಿ ಓಡಾಡಲು ಕಾರು ಕೈಯಲ್ಲಿರುತ್ತದೆ. ದೇವಸ್ಥಾನ, ನೆಂಟರ ಮನೆ, ಬೀಚು ಅಂತ ಮೂರು ದಿನ ಟ್ಯಾಕ್ಸಿ ಹಿಡಿದರೆ ಆಗುವ ಖರ್ಚು ಗೊತ್ತಲ್ಲ. ಬಾಡಿಗೆ ಟ್ಯಾಕ್ಸಿಯಲ್ಲಿ ಬಿಟ್ಟು ಬರಲಿ ಅನ್ನುವವರು ಒಂದು ತಿಳಿದಿರಿ. ಹೆಚ್ಚಿನವರು ಖಾಲಿ ವಾಪಸ್ ಬರುವ ದಾರಿಯ ದುಡ್ಡನ್ನೂ ಹಾಕುತ್ತಾರೆ.

ಹೊರಡುವ ಹೊತ್ತು ಅರ್ಧ ಯುದ್ಧ. ಬೆಳಗ್ಗೆ ಆರರೊಳಗೆ ನೆಲಮಂಗಲ ದಾಟಿದರೆ ಒಂಬತ್ತು, ಒಂಬತ್ತೂವರೆಗೆ ಸಕಲೇಶಪುರ, ಮಧ್ಯಾಹ್ನ ಒಂದರೊಳಗೆ ಮಂಗಳೂರು. ಎಂಟಕ್ಕೆ ಮನೆ ಬಿಟ್ಟರೆ ಗೊರಗುಂಟೆಪಾಳ್ಯದಲ್ಲೇ ಮುಕ್ಕಾಲು ಗಂಟೆ ನುಂಗಿಹೋಗುತ್ತದೆ. ಉದ್ದನೆಯ ವಾರಾಂತ್ಯದ ಹಿಂದಿನ ಸಂಜೆಯಂತೂ ಬೇಡವೇ ಬೇಡ. ರಾತ್ರಿ ಘಟ್ಟ ಇಳಿಯುವ ಹುಮ್ಮಸ್ಸೂ ಬೇಡ. ಮಂಗಳೂರಿನ ಗ್ಯಾಸ್ ಟ್ಯಾಂಕರುಗಳು, ಲಾರಿಗಳು ಇರುವುದೇ ಆ ರಸ್ತೆಯಲ್ಲಿ. ಎದುರಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಮುಂದಿನ ಟ್ಯಾಂಕರನ್ನು ಹಿಂದೆ ಹಾಕಲು ಜಾಗ ಸಿಗುವುದಿಲ್ಲ.

ಮಾಮೂಲಿ ದಾರಿ ಶಿರಾಡಿಯೇ. ಹಾಸನದವರೆಗೆ ನಾಲ್ಕು ಪಥ, ಸಕಲೇಶಪುರ ಬಿಟ್ಟ ಮೇಲೆ ಮಾರನಹಳ್ಳಿ, ಗುಂಡ್ಯ, ಉಪ್ಪಿನಂಗಡಿ, ಬಿ.ಸಿ. ರೋಡ್. ಹೆಗ್ಗದ್ದೆಯಿಂದ ಅಡ್ಡಹೊಳೆವರೆಗಿನ ಸುಮಾರು 26 ಕಿ.ಮೀ. ಘಾಟಿಯನ್ನು 2015ರಲ್ಲಿ ಅರ್ಧ, 2018ರಲ್ಲಿ ಅರ್ಧ, ಎರಡು ಸಲವೂ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಮಾಡಿದರು. ಆಮೇಲೆ ಗುಂಡಿಯ ಗೋಳು ಬಹಳ ಕಡಿಮೆಯಾಗಿದೆ. ಕಲ್ಲಡ್ಕದ ಫ್ಲೈಓವರ್ 2025ರಲ್ಲಿ ತೆರೆದು ಅಲ್ಲಿನ ಕೆಸರಿನ ಕಾಟವೂ ತಪ್ಪಿತು. ಹಾಲು ಕೆಳಗೆ, ಡಿಕಾಕ್ಷನ್ ಮೇಲೆ ನಿಲ್ಲುವ ಕೆಟಿ, ಅಂದರೆ ಕಲ್ಲಡ್ಕ ಟೀ, ಕುಡಿಯಬೇಕಾದರೆ ಮಾತ್ರ ಫ್ಲೈಓವರ್ ಹತ್ತದೆ ಕೆಳಗಿನ ರಸ್ತೆ ಹಿಡಿಯಿರಿ. ಮೇಲೆ ಹೋದಿರೋ, ಕಲ್ಲಡ್ಕ ದಾಟಿದ್ದೇ ಗೊತ್ತಾಗುವುದಿಲ್ಲ.

ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿದರೆ ಇಪ್ಪತ್ತು, ಮೂವತ್ತು ಕಿ.ಮೀ. ಜಾಸ್ತಿ. ಬೆಳ್ತಂಗಡಿ, ಉಜಿರೆ ಕಡೆಯವರಿಗೆ ಸರಿ. ರಸ್ತೆ ಕಿರಿದು, ಮಂಜು ಬಿದ್ದರೆ ಮುಂದಿನ ಗಾಡಿಯ ಕೆಂಪು ದೀಪವೂ ಕಾಣುವುದಿಲ್ಲ. ಹೊಸದಾಗಿ ಕಾರು ಕಲಿತವರು ಇಲ್ಲಿ ಅಭ್ಯಾಸ ಮಾಡುವುದು ಬೇಡ.

ಮೂರನೆಯದು ಮಡಿಕೇರಿ, ಸಂಪಾಜೆ. 119 ಕಿ.ಮೀ.ನ ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ತೆರೆದ ಮೇಲೆ ಇದು ಲೆಕ್ಕಕ್ಕೆ ಬಂದಿದೆ. ಕೆಂಗೇರಿ, ರಾಜರಾಜೇಶ್ವರಿ ನಗರದವರಿಗೆ ಊರು ದಾಟುವ ತಲೆನೋವು ಇಲ್ಲ. ಸುಳ್ಯ, ಪುತ್ತೂರಿಗೆ ಇದು ಸಲೀಸು. ಮಂಗಳೂರಿಗೇ ಹೋಗುವವರಿಗೆ ಶಿರಾಡಿಗಿಂತ ಒಂದು ಗಂಟೆ ಹೆಚ್ಚು, ತಿರುವುಗಳೂ ಹೆಚ್ಚು. ಬೈಕಿನವರಿಗೆ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಪ್ರವೇಶ ಇಲ್ಲ, ಪಕ್ಕದ ಸರ್ವಿಸ್ ರಸ್ತೆಯೇ ಗತಿ.

ಮಳೆಗಾಲದಲ್ಲಿ ಲೆಕ್ಕ ಬದಲು

ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಮೇಲೆ ಹೇಳಿದ ಗಂಟೆಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಳ್ಳಿ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಗುಡ್ಡಗಳು ಕುಸಿದು ಮಡಿಕೇರಿ ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಪಲು ಬಳಿ ಗುಡ್ಡ ಜಾರಿ ಶಿರಾಡಿ ನಿಂತಿತು. ಅದೇ ತಿಂಗಳು ಕಡಗರವಳ್ಳಿ, ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ರೈಲುಗಳೂ ನಿಂತವು. ರಸ್ತೆ ಕೈಕೊಟ್ಟರೆ ರೈಲು ಇದೆ ಅನ್ನುವಂತಿಲ್ಲ. ಎರಡೂ ಒಂದೇ ಗುಡ್ಡಗಳ ಮೈಮೇಲೆ ಹಾದುಹೋಗುತ್ತವೆ.

ಆ ವಾರಗಳಲ್ಲಿ ವಿಮಾನದ ದರ ಏರುವುದು ಇದಕ್ಕೇ. ವಿಮಾನವೂ ಪೂರ್ತಿ ಭರವಸೆಯಲ್ಲ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ಜೋರು ಮಳೆ, ಮೋಡ ಕವಿದರೆ ಇಳಿಯಲಾಗದೆ ಸುತ್ತು ಹೊಡೆದು ಬೆಂಗಳೂರಿಗೋ ಕೊಚ್ಚಿಗೋ ತಿರುಗುವುದುಂಟು. ಆದರೂ ಪರೀಕ್ಷೆ, ಸಂದರ್ಶನ, ಆಪರೇಷನ್ ಅಂತ ತಪ್ಪಿಸಲಾಗದ ಕೆಲಸ ಇದ್ದರೆ ಮಳೆಗಾಲದಲ್ಲಿ ವಿಮಾನವನ್ನೇ ಹಿಡಿಯಿರಿ, ಅದೂ ಹಿಂದಿನ ದಿನದ್ದು. ಕಾರಿನಲ್ಲೇ ಹೋಗುವವರು ಹಾಸನದಲ್ಲಿ ನಿಂತು ಘಾಟಿಯ ಸ್ಥಿತಿ ವಿಚಾರಿಸಿ. ಶಿರಾಡಿಯೋ ಚಾರ್ಮಾಡಿಯೋ ಅಂತ ದಾರಿ ಬದಲಿಸಲು ಅದೇ ಒಳ್ಳೆಯ ಜಾಗ. ಸಕಲೇಶಪುರ ದಾಟಿ ಸಿಕ್ಕಿಹಾಕಿಕೊಂಡರೆ ತಿರುಗಿಸುವುದೇ ಒಂದು ಸಾಹಸ.

ಇನ್ನು ವಾಪಸ್ ಬರುವ ದಾರಿ. ಭಾನುವಾರ ರಾತ್ರಿ ಹೊರಟು ಸೋಮವಾರ ಬೆಳಗ್ಗೆ ನೇರ ಆಫೀಸಿಗೆ ಹೋಗುವವರೇ ಜಾಸ್ತಿ. ಬಸ್ಸು ಐದು, ಐದೂವರೆಗೆ ಪೀಣ್ಯ ದಾಟುತ್ತದೆ. ಅಲ್ಲಿಂದ ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಕೂರುವ ಅಗತ್ಯ ಇಲ್ಲ. 2025ರ ಜನವರಿಯಿಂದ ಮೆಟ್ರೊ ಸೋಮವಾರ ಮಾತ್ರ ಬೆಳಗ್ಗೆ 4.15ಕ್ಕೇ ಶುರುವಾಗುವಂತೆ ಮಾಡಿದ್ದು ಹೀಗೆ ಊರಿಂದ ಬರುವವರಿಗಾಗಿಯೇ. ಗೊರಗುಂಟೆಪಾಳ್ಯದಲ್ಲಿ ಇಳಿದು ಹಸಿರು ಮಾರ್ಗ ಹಿಡಿದರೆ ಆರೂವರೆಯೊಳಗೆ ಜಯನಗರದ ಮನೆ ಸೇರಬಹುದು. ತೆಂಗಿನಕಾಯಿ ಚೀಲ ಜಾಸ್ತಿ ಇದ್ದರೆ ಮಾತ್ರ ಆಟೋ ಮಾಡಿ.